ಆ ಎರಡು ಅಕ್ಷರಗಳ ಹಿಂದೆ ಯಾರಿದ್ದಾರೆ?

ನಿಮ್ಮ ಬ್ಲೂಟೂತ್ ಇಯರ್‌ಬಡ್‌ನ ಡಬ್ಬಿ ಇನ್ನೂ ಮನೆಯಲ್ಲಿದ್ದರೆ ಒಮ್ಮೆ ಅದರ ಹಿಂಬದಿ ನೋಡಿ. ಇರುವೆಯಷ್ಟು ಸಣ್ಣದಾಗಿ ಒಂದಿಷ್ಟು ಗುರುತುಗಳನ್ನು ಅಚ್ಚು ಹಾಕಿರುತ್ತಾರೆ. ಸಿ ಮತ್ತು ಇ ಎಂಬ ಎರಡು ಇಂಗ್ಲಿಷ್ ಅಕ್ಷರ, ಎಫ್‌ಸಿಸಿ ಐಡಿ ಎಂಬ ಸಂಖ್ಯೆ, ನಮ್ಮ ದೇಶದ ಬಿಐಎಸ್ ಗುರುತಿನ ಜೊತೆ ಆರ್ ಅಕ್ಷರದಿಂದ ಶುರುವಾಗುವ ಇನ್ನೊಂದು ಸಂಖ್ಯೆ. ಕೊಳ್ಳುವಾಗ ನಾವು ಬೆಲೆ ಕೇಳುತ್ತೇವೆ, ಬ್ಯಾಟರಿ ಎಷ್ಟು ಗಂಟೆ ಬರುತ್ತದೆ ಎಂದು ಕೇಳುತ್ತೇವೆ, ಬಣ್ಣ ನೋಡುತ್ತೇವೆ. ಈ ಗುರುತುಗಳ ಬಗ್ಗೆ ಮಾತ್ರ ಯಾರೂ ಕೇಳುವುದಿಲ್ಲ. ಅಂಗಡಿಯವರಿಗೂ ಗೊತ್ತಿರುವುದಿಲ್ಲ.

ಕಾಮರ್ಸ್ ವಿದ್ಯಾರ್ಥಿಗಳಾದ ನಾವು ಇವನ್ನು ತಿಳಿಯದೆ ಇರಬಾರದು ಎಂಬುದು ನನ್ನ ಅಭಿಪ್ರಾಯ. ಒಂದು ವೈರ್‌ಲೆಸ್ ಸಾಧನವನ್ನು ಬೇರೆ ದೇಶದಲ್ಲಿ ಮಾರಬೇಕಾದರೆ ಒಳ್ಳೆಯ ಮಾಲು, ಕಡಿಮೆ ಬೆಲೆ, ನಂಬಿಕಸ್ಥ ಗಿರಾಕಿ ಈ ಮೂರೂ ಸಾಲುವುದಿಲ್ಲ. ಆ ದೇಶದ ಕಾನೂನು ಕೇಳುವ ಪರೀಕ್ಷೆ ಆಗಿರಬೇಕು, ಅದರ ಕಾಗದ ಇರಬೇಕು, ಅದರ ಗುರುತು ಸಾಧನದ ಮೇಲಿರಬೇಕು. ಇದು ಸಣ್ಣವರನ್ನು ಹೊರಗಿಡಲು ಶ್ರೀಮಂತ ದೇಶಗಳು ಕಟ್ಟಿದ ಗೋಡೆ ಎಂದು ಹೇಳುವವರಿದ್ದಾರೆ. ನನಗೆ ಅದು ಅರ್ಧ ಸತ್ಯ ಅನ್ನಿಸುತ್ತದೆ. ಉಳಿದ ಅರ್ಧ ಏನು ಎಂದು ಹೇಳುವುದಕ್ಕೇ ಈ ಲೇಖನ.

ಮೊದಲು, ಇಂಥ ಪರೀಕ್ಷೆ ಯಾಕೆ ಬೇಕು ಎಂಬುದನ್ನು ನೋಡೋಣ. ಬಟ್ಟೆಗೋ ಚಪ್ಪಲಿಗೋ ಇಷ್ಟು ಕಟ್ಟುಪಾಡು ಇಲ್ಲ. ವೈರ್‌ಲೆಸ್ ಸಾಧನ ಬಳಸುವವನ ಕೈಯಲ್ಲಿದ್ದರೂ ಅದರ ಅಲೆಗಳು ಅಕ್ಕಪಕ್ಕದವರ ಮನೆಯನ್ನೂ ಮುಟ್ಟುತ್ತವೆ. ಗಾಳಿಯಲ್ಲಿರುವ ತರಂಗಗಳ ಜಾಗ ಎಲ್ಲರಿಗೂ ಸೇರಿದ್ದು. ತರಗತಿಯಲ್ಲಿ ಅರವತ್ತು ಮಂದಿ ಒಟ್ಟಿಗೆ ಮಾತಾಡಿದರೆ ಯಾರ ಮಾತೂ ಯಾರಿಗೂ ಕೇಳುವುದಿಲ್ಲ. ರೇಡಿಯೊ ಅಲೆಗಳ ಕಥೆಯೂ ಅಷ್ಟೇ. ಯುರೋಪಿನಲ್ಲಿ ವೈ-ಫೈ ಬಳಸುವ 5 ಗಿಗಾಹರ್ಟ್ಸ್ ಪಟ್ಟಿಯ ಒಂದು ಭಾಗದಲ್ಲಿ, ಅಂದರೆ 5600ರಿಂದ 5650 ಮೆಗಾಹರ್ಟ್ಸ್‌ವರೆಗೆ, ಹವಾಮಾನ ರೇಡಾರ್‌ಗಳು ಕೆಲಸ ಮಾಡುತ್ತವೆ. ಮಳೆ ಎಲ್ಲಿ ಬರುತ್ತದೆ, ಬಿರುಗಾಳಿ ಎಲ್ಲಿದೆ ಎಂದು ಹೇಳುವುದು ಅವುಗಳ ಕೆಲಸ. ಆದ್ದರಿಂದ ಅಲ್ಲಿ ಮಾರುವ ರೂಟರ್ ಆ ಭಾಗವನ್ನು ಬಳಸುವ ಮೊದಲು 10 ನಿಮಿಷ ಸುಮ್ಮನಿದ್ದು ರೇಡಾರ್ ಇದೆಯೇ ಎಂದು ಆಲಿಸಬೇಕು, ಇದ್ದರೆ ಬೇರೆ ಕಡೆ ಸರಿಯಬೇಕು. ಹೀಗೆ ಆಲಿಸದ ರೂಟರನ್ನು ಕಡಿಮೆ ಬೆಲೆಗೆ ಕೊಂಡವನಿಗೆ ಯಾವ ತೊಂದರೆಯೂ ಕಾಣುವುದಿಲ್ಲ. ಅದರ ನಷ್ಟ ಬೀಳುವುದು ಬೇರೆಯವರ ಮೇಲೆ.

ಒಬ್ಬ ಮಾರಿ, ಇನ್ನೊಬ್ಬ ಕೊಂಡು, ನಷ್ಟ ಮಾತ್ರ ಮೂರನೆಯವನಿಗೆ ಆಗುವ ಕಡೆ ಸರಕಾರ ನಡುವೆ ಬರಲೇಬೇಕಾಗುತ್ತದೆ. ಇದು ಅರ್ಥಶಾಸ್ತ್ರದ ಪಾಠದಲ್ಲೇ ಇರುವ ಮಾತು.

ಇನ್ನು, ಒಂದು ದೇಶದಲ್ಲಿ ಪಾಸಾದ ಸಾಧನ ಇನ್ನೊಂದು ದೇಶದಲ್ಲಿ ಯಾಕೆ ಮತ್ತೆ ಪರೀಕ್ಷೆ ಬರೆಯಬೇಕು? ಯಾಕೆಂದರೆ ಪ್ರತಿ ದೇಶವೂ ತನ್ನ ತರಂಗಗಳನ್ನು ಬೇರೆ ಬೇರೆ ರೀತಿ ಹಂಚಿದೆ. 2.4 ಗಿಗಾಹರ್ಟ್ಸ್ ವೈ-ಫೈಯನ್ನೇ ತೆಗೆದುಕೊಳ್ಳಿ. ಅಮೆರಿಕದಲ್ಲಿ ರೂಟರ್‌ಗಳು ಸಾಮಾನ್ಯವಾಗಿ 11 ಚಾನೆಲ್ ಬಳಸುತ್ತವೆ, ಯುರೋಪಿನಲ್ಲಿ 13. ನೀರಿನ ಮೀಟರ್, ಹೊಲದ ಸೆನ್ಸರ್ ಮುಂತಾದ ಸಣ್ಣ ಸಾಧನಗಳಿಗೆ ಯುರೋಪ್ 863ರಿಂದ 870 ಮೆಗಾಹರ್ಟ್ಸ್ ಕೊಟ್ಟಿದೆ, ಅಮೆರಿಕ 902ರಿಂದ 928, ಭಾರತ 865ರಿಂದ 868. ನಮ್ಮಲ್ಲಿ ಚೆನ್ನಾಗಿ ನಡೆಯುವ ಸೆನ್ಸರನ್ನು ಹಾಗೇ ಅಮೆರಿಕಕ್ಕೆ ಒಯ್ದರೆ ಅದು ಬೇರೆಯವರಿಗೆ ಕೊಟ್ಟ ಜಾಗದಲ್ಲಿ ಮಾತಾಡಿದಂತೆ. ಯುರೋಪಿನಲ್ಲಿ ಜಾಗ ಹೊಂದಿಕೊಂಡರೂ ಇನ್ನೊಂದು ನಿಯಮವಿದೆ. ಅಲ್ಲಿ 868 ಮೆಗಾಹರ್ಟ್ಸ್‌ನ ಸುತ್ತಲಿನ ಒಂದು ಭಾಗದಲ್ಲಿ ಸಾಧನ ತನ್ನ ಸಮಯದ ಶೇಕಡಾ 1ರಷ್ಟು ಮಾತ್ರ ಮಾತಾಡಬಹುದು, ಅಂದರೆ ಒಂದು ಗಂಟೆಯಲ್ಲಿ 36 ಸೆಕೆಂಡ್. ಎಲ್ಲರಿಗೂ ಸರದಿ ಸಿಗಲಿ ಎಂಬುದೇ ಇದರ ಉದ್ದೇಶ.

ಈಗ ಸಿಇ ಎಂಬ ಆ ಎರಡು ಅಕ್ಷರಕ್ಕೆ ಬರೋಣ. ಯುರೋಪಿಯನ್ ಒಕ್ಕೂಟದಲ್ಲಿ ರೇಡಿಯೊ ಇರುವ ಎಲ್ಲ ಸಾಧನಕ್ಕೂ 2014ರಲ್ಲಿ ಬಂದ ಒಂದು ಕಾನೂನು ಅನ್ವಯಿಸುತ್ತದೆ. ಅದು 2016ರ ಜೂನ್ 13ರಿಂದ ಜಾರಿಗೆ ಬಂತು, ಹಳೆಯ ಪದ್ಧತಿಯಿಂದ ಬದಲಾಗಲು 2017ರ ಜೂನ್‌ವರೆಗೆ ಕಾಲ ಕೊಟ್ಟರು. ಅದು ಮುಖ್ಯವಾಗಿ ಮೂರು ವಿಷಯ ಕೇಳುತ್ತದೆ. ಸಾಧನದಿಂದ ಮನುಷ್ಯನ ಪ್ರಾಣಕ್ಕೆ, ಆರೋಗ್ಯಕ್ಕೆ ಅಪಾಯ ಇರಬಾರದು. ಪಕ್ಕದಲ್ಲಿರುವ ಬೇರೆ ಯಂತ್ರಗಳಿಗೆ ಅದು ತೊಂದರೆ ಕೊಡಬಾರದು, ಅವುಗಳಿಂದ ಸುಲಭವಾಗಿ ಕೆಡಲೂಬಾರದು. ತನಗೆ ಕೊಟ್ಟ ತರಂಗವನ್ನು ಸರಿಯಾಗಿ ಬಳಸಬೇಕು. ಆಮೇಲೆ ಇನ್ನೂ ಕೆಲವು ಸೇರಿದವು. ಹೊಸ ಫೋನು, ಇಯರ್‌ಬಡ್‌ಗಳನ್ನು ವೈರ್ ಹಾಕಿ ಚಾರ್ಜ್ ಮಾಡುವಂತಿದ್ದರೆ ಅದು ಟೈಪ್-ಸಿ ಆಗಿರಬೇಕು ಎಂಬ ನಿಯಮ 2024ರ ಡಿಸೆಂಬರ್ 28ರಿಂದ ಬಂತು. ಇಂಟರ್‌ನೆಟ್‌ಗೆ ಸೇರುವ ರೇಡಿಯೊ ಸಾಧನಗಳಿಗೆ ಸೈಬರ್ ಸುರಕ್ಷತೆಯ ನಿಯಮ 2025ರ ಆಗಸ್ಟ್ 1ರಿಂದ ಬಂತು.

ಸಿಇ ಗುರುತನ್ನು ಯಾರು ಕೊಡುತ್ತಾರೆ ಎಂದು ನನ್ನ ತರಗತಿಯಲ್ಲಿ ಕೇಳಿದೆ. ಸರಕಾರ ಎಂದರು ಕೆಲವರು, ಲ್ಯಾಬ್ ಎಂದರು ಕೆಲವರು. ನಿಜ ಏನೆಂದರೆ, ಅದನ್ನು ಯಾರೂ ಕೊಡುವುದಿಲ್ಲ. ತಯಾರಕ ತಾನೇ ಹಾಕಿಕೊಳ್ಳುತ್ತಾನೆ. ಒಕ್ಕೂಟ ಒಪ್ಪಿದ ಮಾನದಂಡಗಳ ಪ್ರಕಾರ ಸಾಧನವನ್ನು ಪರೀಕ್ಷಿಸಿ, ನಕ್ಷೆ, ಬಿಡಿಭಾಗಗಳ ಪಟ್ಟಿ, ಪರೀಕ್ಷಾ ವರದಿ ಎಲ್ಲವನ್ನೂ ಒಂದು ಕಡತ ಮಾಡಿ, 'ಈ ಸಾಧನ ಕಾನೂನಿಗೆ ಸರಿಯಾಗಿದೆ, ಇದಕ್ಕೆ ನಾನೇ ಹೊಣೆ' ಎಂದು ಒಂದು ಘೋಷಣಾ ಪತ್ರಕ್ಕೆ ಸಹಿ ಹಾಕಬೇಕು. ಆ ಕಡತವನ್ನು 10 ವರ್ಷ ಜೋಪಾನವಾಗಿ ಇಡಬೇಕು. ಒಪ್ಪಿದ ಮಾನದಂಡವನ್ನು ರೇಡಿಯೊ ಭಾಗಕ್ಕೆ ಪೂರ್ತಿ ಅನುಸರಿಸದೆ ಇದ್ದರೆ ಮಾತ್ರ, ಸರಕಾರ ಮಾನ್ಯ ಮಾಡಿದ ಮೂರನೆಯ ಸಂಸ್ಥೆಯೊಂದು ಬಂದು ನೋಡಬೇಕಾಗುತ್ತದೆ. 2021ರ ಜುಲೈ 16ರಿಂದ ಇನ್ನೊಂದು ಷರತ್ತೂ ಇದೆ: ಇಂಥ ಸಾಧನಕ್ಕೆ ಯುರೋಪಿನ ನೆಲದಲ್ಲೇ ಹೊಣೆ ಹೊರುವ ಒಬ್ಬರು ಇರಬೇಕು, ಅವರ ಹೆಸರು ವಿಳಾಸ ಸಾಧನದ ಮೇಲೋ ಡಬ್ಬಿಯ ಮೇಲೋ ಇರಬೇಕು.

ಅಮೆರಿಕದ ದಾರಿ ಬೇರೆ. ಅಲ್ಲಿ 1934ರಲ್ಲಿ ಶುರುವಾದ ಫೆಡರಲ್ ಕಮ್ಯುನಿಕೇಷನ್ಸ್ ಕಮಿಷನ್ ಇದೆ. ಬ್ಲೂಟೂತ್, ವೈ-ಫೈ ಇರುವ ಸಾಧನಕ್ಕೆ ಅದು ಮಾನ್ಯ ಮಾಡಿದ ಸಂಸ್ಥೆಯಿಂದ ಪ್ರಮಾಣಪತ್ರ ಪಡೆದು, ಎಫ್‌ಸಿಸಿ ಐಡಿ ಹಾಕಬೇಕು. ಆ ಸಂಖ್ಯೆಯನ್ನು ಅವರ ಜಾಲತಾಣದಲ್ಲಿ ಹುಡುಕಿದರೆ ಪರೀಕ್ಷಾ ವರದಿಗಳನ್ನು, ಎಷ್ಟೋ ಸಾಧನಗಳ ಒಳಗಿನ ಫೋಟೋಗಳನ್ನು ಯಾರು ಬೇಕಾದರೂ ನೋಡಬಹುದು. ಹಣ ಕೊಡಬೇಕಾಗಿಲ್ಲ. ನಮ್ಮ ಕಂಪ್ಯೂಟರ್ ಲ್ಯಾಬಿನಲ್ಲಿ ಕೂತು ಮಾಡಬಹುದಾದ ಕೆಲಸ ಇದು.

ಇಲ್ಲಿ ಒಂದು ಸುಳ್ಳನ್ನೂ ಬಿಡಿಸಬೇಕು. ಸಿ ಮತ್ತು ಇ ಅಕ್ಷರಗಳು ಹತ್ತಿರ ಹತ್ತಿರ ಇದ್ದರೆ ಅದು 'ಚೀನಾ ಎಕ್ಸ್‌ಪೋರ್ಟ್' ಎಂಬ ಬೇರೆ ಗುರುತು ಎಂದು ವಾಟ್ಸಾಪ್‌ನಲ್ಲಿ ಸುತ್ತುತ್ತಿರುತ್ತದೆ. ಅಂಥ ಗುರುತೇ ಇಲ್ಲ. ಯುರೋಪಿಯನ್ ಸಂಸತ್ತಿನಲ್ಲಿ ಇದೇ ಪ್ರಶ್ನೆ ಬಂದಾಗ, ಹೀಗೊಂದು ಗುರುತು ಇರುವುದು ತನಗೆ ತಿಳಿದಿಲ್ಲ, ಅದು ಸಿಇ ಗುರುತನ್ನೇ ತಪ್ಪು ಅಳತೆಯಲ್ಲಿ ಹಾಕಿದ್ದಾಗಿರಬೇಕು ಎಂಬರ್ಥದ ಉತ್ತರವನ್ನು ಯುರೋಪಿಯನ್ ಕಮಿಷನ್ ಕೊಟ್ಟಿತ್ತು. ಅಳತೆ ತಪ್ಪಿದರೆ ಸಂಶಯ ಪಡಬಹುದು, ಸರಿ. ಆದರೆ ಅಳತೆ ಸರಿಯಾಗಿದ್ದ ಮಾತ್ರಕ್ಕೆ ಮಾಲು ಸರಿ ಎಂದೂ ಅಲ್ಲ. ಅಕ್ಷರ ಅಚ್ಚು ಹಾಕುವುದು ಕಷ್ಟವೇ? ಅಕ್ಷರದ ಹಿಂದೆ ಕಡತ ಇದೆಯೇ, ಸಹಿ ಹಾಕಿದ ಮನುಷ್ಯ ಇದ್ದಾನೆಯೇ ಎಂಬುದೇ ಮುಖ್ಯ.

ಈಗ ಆ ಗೋಡೆಯ ಮಾತಿಗೆ ಬರುತ್ತೇನೆ. ನನ್ನ ಖಾಲಾರ ಮಗ, ನಾವೆಲ್ಲ ಭಾಯ್ ಎಂದು ಕರೆಯುವವರು, ಸೆನ್ಸರ್ ತಯಾರಿಸುವ ಒಂದು ಸಣ್ಣ ಘಟಕದಲ್ಲಿ ಕೆಲಸ ಮಾಡುತ್ತಾರೆ. ಟ್ಯಾಂಕಿನಲ್ಲಿ ನೀರು ಎಷ್ಟಿದೆ ಎಂದು ಫೋನಿಗೆ ತಿಳಿಸುವ ಸಾಧನ ಅದು. ಜರ್ಮನಿಯಿಂದ 500 ಸೆನ್ಸರ್‌ಗೆ ವಿಚಾರಣೆ ಬಂತು. ಎಲ್ಲರಿಗೂ ಖುಷಿ. ಆಮೇಲೆ ಪರೀಕ್ಷೆಗೆ ಎಷ್ಟಾಗುತ್ತದೆ ಎಂದು ಲ್ಯಾಬಿನಿಂದ ಕೊಟೇಶನ್ ತರಿಸಿದರು, ಆ ಆರ್ಡರ್ ಅಲ್ಲಿಗೇ ನಿಂತಿತು. "ಇದೆಲ್ಲ ನಮ್ಮಂಥವರನ್ನು ಒಳಗೆ ಬಿಡದೆ ಇರುವ ಉಪಾಯ, ಬೇಟಾ" ಎಂದರು ಭಾಯ್. ಅವರ ನೋವು ನನಗೆ ಅರ್ಥವಾಗುತ್ತದೆ. ಅದನ್ನು ಲೆಕ್ಕದಲ್ಲಿ ಇಟ್ಟು ನೋಡೋಣ.

ಲೆಕ್ಕಕ್ಕೆಂದು, ಪರೀಕ್ಷೆ ಮತ್ತು ಕಾಗದಪತ್ರಕ್ಕೆ ಒಟ್ಟು 6 ಲಕ್ಷ ರೂಪಾಯಿ ಆಗುತ್ತದೆ ಎಂದುಕೊಳ್ಳಿ. ಇದು ಸ್ಥಿರ ವೆಚ್ಚ. ಒಂದು ಮಾಡಿದರೂ ಅಷ್ಟೇ, ಲಕ್ಷ ಮಾಡಿದರೂ ಅಷ್ಟೇ. 500 ಸೆನ್ಸರ್‌ಗೆ ಹಂಚಿದರೆ ಒಂದೊಂದರ ಮೇಲೆ 1,200 ರೂಪಾಯಿ ಬೀಳುತ್ತದೆ. ಸೆನ್ಸರ್ ತಯಾರಿಸುವ ಖರ್ಚೇ 1,500 ಎಂದಾದರೆ ಇದು ತಡೆಯಲಾಗದ ಹೊರೆ. ಇದೇ ಸಾಧನವನ್ನು 3 ಲಕ್ಷ ಸಂಖ್ಯೆಯಲ್ಲಿ ಮಾಡುವ ದೊಡ್ಡ ಕಂಪನಿಗೆ ಒಂದಕ್ಕೆ ಬೀಳುವುದು 2 ರೂಪಾಯಿ. ನಿಯಮ ಇಬ್ಬರಿಗೂ ಒಂದೇ, ಭಾರ ಮಾತ್ರ ಒಂದೇ ಅಲ್ಲ. ಭಾಯ್ ಹೇಳಿದ್ದರಲ್ಲಿ ನಿಜ ಇರುವುದು ಇಲ್ಲಿ.

ಆದರೆ 'ನಮ್ಮನ್ನು ಬಿಡದೆ ಇರುವ ಉಪಾಯ' ಎಂಬ ಮಾತನ್ನು ನಾನು ಒಪ್ಪುವುದಿಲ್ಲ. ಮೊದಲನೆಯದಾಗಿ, ಜರ್ಮನಿಯಲ್ಲೇ ಕೂತು ಸೆನ್ಸರ್ ಮಾಡುವ ಸಣ್ಣ ಘಟಕಕ್ಕೂ ಇದೇ ಪರೀಕ್ಷೆ, ಇದೇ ಕಡತ, ಇದೇ ಹತ್ತು ವರ್ಷ. ಎರಡನೆಯದಾಗಿ, ನಾವೂ ಇದನ್ನೇ ಕೇಳುತ್ತೇವೆ. ಭಾರತ 2012ರ ಆದೇಶದ ಮೂಲಕ ಎಲೆಕ್ಟ್ರಾನಿಕ್ ವಸ್ತುಗಳಿಗೆ ಬಿಐಎಸ್ ನೋಂದಣಿ ಕಡ್ಡಾಯ ಮಾಡಿತು. ಮೊದಲು 15 ಬಗೆಯ ವಸ್ತುಗಳಿದ್ದವು, ಆಮೇಲೆ ಮೊಬೈಲ್, ಪವರ್ ಬ್ಯಾಂಕ್, ವೈರ್‌ಲೆಸ್ ಇಯರ್‌ಫೋನ್ ಎಲ್ಲವೂ ಸೇರಿದವು. ರೇಡಿಯೊ ಭಾಗಕ್ಕೆ ದೂರಸಂಪರ್ಕ ಇಲಾಖೆಯ ಅನುಮತಿ ಬೇರೆ. ಹೊರಗಿನವರು ಇಲ್ಲಿ ಮಾರಬೇಕಾದರೆ ಇದನ್ನು ಮಾಡಲೇಬೇಕು. ನಮ್ಮ ಬಾಗಿಲಲ್ಲಿ ನಾವು ಕೇಳುವ ಕಾಗದವನ್ನು ಅವರ ಬಾಗಿಲಲ್ಲಿ ಅವರು ಕೇಳಿದರೆ ಅನ್ಯಾಯ ಎನ್ನಲಾದೀತೇ? ಮಲೇಷ್ಯಾ ಮಾಂಸ ತರಿಸುವಾಗ ತಾನು ಒಪ್ಪಿದ ಸಂಸ್ಥೆಯ ಹಲಾಲ್ ಪ್ರಮಾಣಪತ್ರ ಕೇಳುತ್ತದೆ. ಅದನ್ನು ನಮ್ಮಲ್ಲಿ ಯಾರೂ ಗೋಡೆ ಎಂದು ಕರೆದದ್ದು ನಾನು ಕೇಳಿಲ್ಲ. ತಿನ್ನುವವನಿಗೆ ಕೇಳುವ ಹಕ್ಕಿದೆ ಎನ್ನುತ್ತೇವೆ. ಸಾಧನ ಬಳಸುವವನಿಗೂ ಆ ಹಕ್ಕು ಇರಬೇಕಲ್ಲವೇ?

ನಿಯಮವನ್ನು ನೆಪ ಮಾಡಿಕೊಂಡು ವ್ಯಾಪಾರ ತಡೆಯುವ ದೇಶಗಳು ಇಲ್ಲವೇ ಇಲ್ಲ ಎಂದು ನಾನು ಹೇಳುತ್ತಿಲ್ಲ. ಅದಕ್ಕೆಂದೇ 1995ರಲ್ಲಿ ವಿಶ್ವ ವ್ಯಾಪಾರ ಸಂಸ್ಥೆ ಶುರುವಾದಾಗ ಅದರ ಜೊತೆಗೇ ತಾಂತ್ರಿಕ ಅಡೆತಡೆಗಳ ಒಪ್ಪಂದವೂ ಜಾರಿಗೆ ಬಂತು. ಸುರಕ್ಷತೆ, ಆರೋಗ್ಯ, ಪರಿಸರದಂಥ ಕಾರಣಕ್ಕೆ ನಿಯಮ ಮಾಡಬಹುದು, ಆದರೆ ಆ ಉದ್ದೇಶಕ್ಕೆ ಬೇಕಾದುದಕ್ಕಿಂತ ಹೆಚ್ಚು ವ್ಯಾಪಾರವನ್ನು ಕಟ್ಟಿಹಾಕಬಾರದು ಎನ್ನುತ್ತದೆ ಆ ಒಪ್ಪಂದ. ಅಂದರೆ ದೂರು ಕೊಡಲು ಒಂದು ಜಾಗ ಇದೆ. ಆದರೆ ಪ್ರತಿ ನಿಯಮವನ್ನೂ ಷಡ್ಯಂತ್ರ ಎಂದು ಕರೆದರೆ, ನಿಜವಾದ ಷಡ್ಯಂತ್ರ ಬಂದಾಗ ನಮ್ಮ ಮಾತು ಯಾರೂ ಕೇಳುವುದಿಲ್ಲ.

ನಿಯಮ ಇಲ್ಲದಿದ್ದರೆ ಏನಾಗುತ್ತದೆ ಎಂಬುದಕ್ಕೆ ಹೋವರ್‌ಬೋರ್ಡ್ ಕಥೆ ಸಾಕು. ಎರಡು ಚಕ್ರದ, ನಿಂತು ಓಡಿಸುವ ಆ ಬ್ಯಾಟರಿ ಹಲಗೆ 2015ರಲ್ಲಿ ಅಮೆರಿಕದಲ್ಲಿ ಭಾರಿ ಜನಪ್ರಿಯವಾಯಿತು. ಚೀನಾದ ನೂರಾರು ಘಟಕಗಳು ಪೈಪೋಟಿಯಲ್ಲಿ ತಯಾರಿಸಿ ಕಳಿಸಿದವು. ಆಗ ಅದಕ್ಕೆಂದೇ ಒಂದು ಸುರಕ್ಷತಾ ಮಾನದಂಡ ಇರಲಿಲ್ಲ. ಸ್ವಲ್ಪ ದಿನದಲ್ಲೇ ಚಾರ್ಜ್ ಮಾಡುವಾಗ, ಓಡಿಸುವಾಗ ಬೆಂಕಿ ಹತ್ತಿಕೊಂಡ ಸುದ್ದಿಗಳು ಬಂದವು. ವಿಮಾನ ಕಂಪನಿಗಳು ಅದನ್ನು ಹತ್ತಿಸಿಕೊಳ್ಳುವುದಿಲ್ಲ ಎಂದವು. 2016ರ ಫೆಬ್ರವರಿಯಲ್ಲಿ ಅಮೆರಿಕದ ಗ್ರಾಹಕ ಸುರಕ್ಷತಾ ಆಯೋಗ, ಹೊಸದಾಗಿ ಬಂದ ಯುಎಲ್ 2272 ಎಂಬ ಮಾನದಂಡಕ್ಕೆ ಸರಿಹೋಗದ ಹಲಗೆ ತರಬೇಡಿ ಎಂದು ಎಚ್ಚರಿಸಿತು. ಅದೇ ಜುಲೈಯಲ್ಲಿ ಹತ್ತು ಕಂಪನಿಗಳ 5 ಲಕ್ಷಕ್ಕೂ ಹೆಚ್ಚು ಹಲಗೆಗಳನ್ನು ವಾಪಸ್ ಕರೆಸಲಾಯಿತು.

ಇದರಲ್ಲಿ ಯಾರಿಗೆ ನಷ್ಟ ಎಂದು ಯೋಚಿಸಿ. ಕಳಪೆ ಬ್ಯಾಟರಿ ಹಾಕಿದವನಿಗೆ ಮಾತ್ರವಲ್ಲ, ಒಳ್ಳೆಯ ಬ್ಯಾಟರಿ ಹಾಕಿದವನಿಗೂ ನಷ್ಟ. ಯಾಕೆಂದರೆ ಸಾವಿರಾರು ಮೈಲಿ ದೂರದ ಗಿರಾಕಿಗೆ ಇಬ್ಬರ ನಡುವಿನ ವ್ಯತ್ಯಾಸ ತೋರಿಸಲು ಒಳ್ಳೆಯವನ ಕೈಯಲ್ಲಿ ಏನೂ ಇರಲಿಲ್ಲ. ನಮ್ಮ ಊರಿನ ಅಂಗಡಿಯವನಾದರೆ 'ಇವರ ಅಬ್ಬಾನ ಕಾಲದಿಂದ ಗೊತ್ತು' ಎಂದು ನಂಬುತ್ತೇವೆ. ಹ್ಯಾಂಬರ್ಗ್‌ನ ಗಿರಾಕಿಗೆ ನಮ್ಮ ಅಬ್ಬಾ ಗೊತ್ತಿಲ್ಲ. ಪರಿಚಯ ಇಲ್ಲದ ಕಡೆ ಪರಿಚಯದ ಕೆಲಸ ಮಾಡುವುದೇ ಈ ಗುರುತು. ಹಾಗೆ ನೋಡಿದರೆ ಇದು ದೊಡ್ಡ ಕಂಪನಿಗಿಂತ ಹೆಸರಿಲ್ಲದ ಸಣ್ಣವನಿಗೇ ಹೆಚ್ಚು ಬೇಕು.

ಗುರುತು ಇದ್ದರೆ ಎಲ್ಲವೂ ಸರಿ ಎಂದಲ್ಲ. 2016ರಲ್ಲಿ ಸ್ಯಾಮ್‌ಸಂಗ್‌ನ ಗ್ಯಾಲಕ್ಸಿ ನೋಟ್ 7 ಫೋನಿನ ಮೇಲೆ ಬೇಕಾದ ಗುರುತುಗಳಿದ್ದವು, ಆದರೂ ಬ್ಯಾಟರಿಗೆ ಬೆಂಕಿ ಹತ್ತಿತು. ಕಂಪನಿ ಮೊದಲು ಸುಮಾರು 25 ಲಕ್ಷ ಫೋನು ವಾಪಸ್ ಕರೆಸಿ, ಕೊನೆಗೆ ಆ ಮಾದರಿಯನ್ನೇ ನಿಲ್ಲಿಸಿತು. ಆದರೆ ಇದರ ಇನ್ನೊಂದು ಮುಖ ನೋಡಿ. ಯಾರನ್ನು ಕೇಳಬೇಕು ಎಂಬುದು ಗೊತ್ತಿದ್ದರಿಂದಲೇ ವಾಪಸ್ ಕರೆಸಲು ಆಯಿತು. ವಿಳಾಸವೇ ಇಲ್ಲದ ಚಾರ್ಜರ್ ಸಿಡಿದರೆ ಯಾರ ಬಾಗಿಲು ತಟ್ಟುವುದು?

ದೊಡ್ಡವರಿಗೆ ರಿಯಾಯಿತಿ ಇದೆ ಎನ್ನುವವರಿಗೆ ಫ್ರಾನ್ಸಿನ ಉದಾಹರಣೆ ಕೊಡುತ್ತೇನೆ. 2023ರ ಸೆಪ್ಟೆಂಬರ್‌ನಲ್ಲಿ ಅಲ್ಲಿನ ತರಂಗ ನಿಯಂತ್ರಣ ಸಂಸ್ಥೆ ಐಫೋನ್ 12ರ ಮಾರಾಟ ನಿಲ್ಲಿಸಿ ಎಂದು ಆಪಲ್‌ಗೆ ಹೇಳಿತು. ಅಂಗಡಿಯಿಂದ ಫೋನು ತೆಗೆದುಕೊಂಡು ಪರೀಕ್ಷಿಸಿದಾಗ, ಕೈಯಲ್ಲಿ ಹಿಡಿದಾಗಲೋ ಜೇಬಿನಲ್ಲಿಟ್ಟಾಗಲೋ ದೇಹ ಹೀರುವ ರೇಡಿಯೊ ಶಕ್ತಿ ಕಿಲೋಗ್ರಾಮಿಗೆ 5.74 ವಾಟ್ ಬಂದಿತ್ತು. ಮಿತಿ 4 ವಾಟ್. ಇದು ಫ್ರಾನ್ಸಿನ ಪರೀಕ್ಷಾ ವಿಧಾನದಿಂದ ಬಂದ ವ್ಯತ್ಯಾಸ, ಫೋನು ಸುರಕ್ಷಿತವಾಗಿದೆ ಎಂದಿತು ಆಪಲ್. ಹಾಗೆಂದರೂ ಸಾಫ್ಟ್‌ವೇರ್ ಬದಲಿಸಿ ಕೊಟ್ಟಿತು. ಫೋನು ಮಾರುಕಟ್ಟೆಗೆ ಬಂದು ಮೂರು ವರ್ಷ ಆದಮೇಲೆ ನಡೆದ ಸಂಗತಿ ಇದು. ಗುರುತು ಹಾಕಿದ ದಿನ ಹೊಣೆ ಮುಗಿಯುವುದಿಲ್ಲ, ಶುರುವಾಗುತ್ತದೆ.

ಹಾಗಾದರೆ ಭಾಯ್ ಅವರ 1,200 ರೂಪಾಯಿಗೆ ಏನು ಮಾಡುವುದು? ನಿಯಮ ಸಡಿಲಿಸಿ ಎಂದು ಕೇಳುವುದಕ್ಕಿಂತ, ಭಾರ ಹಂಚುವ ದಾರಿ ಹುಡುಕುವುದು ಸರಿ ಎಂದು ನನಗನ್ನಿಸುತ್ತದೆ.

ಒಂದು ದಾರಿ ತಯಾರಕರ ಕೈಯಲ್ಲೇ ಇದೆ. ರೇಡಿಯೊ ಭಾಗವನ್ನು ಮೊದಲಿನಿಂದ ತಾವೇ ಮಾಡುವ ಬದಲು, ಈಗಾಗಲೇ ಪರೀಕ್ಷೆ ಮುಗಿಸಿದ ವೈ-ಫೈ ಅಥವಾ ಬ್ಲೂಟೂತ್ ಮಾಡ್ಯೂಲ್ ಕೊಂಡು ಹಾಕಬಹುದು. ಅಮೆರಿಕದಲ್ಲಿ ಇಂಥ ಮಾಡ್ಯೂಲ್‌ಗೆ ಬೇರೆಯೇ ಮಾನ್ಯತೆ ಇದೆ. ಯುರೋಪಿಗೂ ಅದರ ವರದಿಗಳನ್ನು ಕಡತದಲ್ಲಿ ಬಳಸಿಕೊಳ್ಳಬಹುದು. ಇಡೀ ಸಾಧನದ ಹೊಣೆ ತಪ್ಪುವುದಿಲ್ಲ, ಆದರೆ ಪರೀಕ್ಷೆಯ ದೊಡ್ಡ ಪಾಲು ಉಳಿಯುತ್ತದೆ. ಮುಖ್ಯವೆಂದರೆ ಇದನ್ನು ಆರ್ಡರ್ ಬಂದಮೇಲೆ ಯೋಚಿಸಿದರೆ ಆಗದು. ನಕ್ಷೆ ಬರೆಯುವ ದಿನವೇ, ಯಾವ ದೇಶಕ್ಕೆ ಮಾರಬೇಕು ಎಂದು ನಿರ್ಧರಿಸಿ ವೆಚ್ಚದ ಹಾಳೆಯಲ್ಲಿ ಒಂದು ಸಾಲು ಬರೆಯಬೇಕು. ಕಚ್ಚಾ ಮಾಲು, ಕೂಲಿ, ಬಾಡಿಗೆಯ ಜೊತೆಗೆ ಪ್ರಮಾಣೀಕರಣವೂ ಒಂದು ವೆಚ್ಚ.

ಇನ್ನೊಂದು ದಾರಿ ಸರಕಾರದ್ದು. ಬೆಂಗಳೂರಿನ ಪೀಣ್ಯದಲ್ಲಿ ಕೇಂದ್ರ ಸರಕಾರದ ಎಲೆಕ್ಟ್ರಾನಿಕ್ಸ್ ಪರೀಕ್ಷಾ ಕೇಂದ್ರವಿದೆ. ಇಂಥ ಕೇಂದ್ರಗಳು ಹುಬ್ಬಳ್ಳಿ, ಮೈಸೂರು, ಮಂಗಳೂರಿನ ಸಣ್ಣ ಘಟಕಗಳಿಗೂ ಕೈಗೆಟುಕುವಂತೆ ಆಗಬೇಕು. ಮೊದಲ ರಫ್ತು ಮಾಡುವ ಘಟಕಕ್ಕೆ ಪರೀಕ್ಷಾ ಶುಲ್ಕದಲ್ಲಿ ಪಾಲು ಕೊಡಬೇಕು. ಇಲ್ಲಿ ಮಾಡಿದ ಪರೀಕ್ಷೆಯನ್ನು ಅಲ್ಲಿ ಒಪ್ಪುವಂತೆ ದೇಶ ದೇಶಗಳ ನಡುವೆ ಒಪ್ಪಂದಗಳು ಹೆಚ್ಚಬೇಕು. ಯುರೋಪ್ ಮತ್ತು ಅಮೆರಿಕ 1998ರಲ್ಲೇ ಇಂಥ ಪರಸ್ಪರ ಮಾನ್ಯತೆಯ ಒಪ್ಪಂದ ಮಾಡಿಕೊಂಡಿವೆ. ವಿದ್ಯುತ್ ಸುರಕ್ಷತೆಯ ಪರೀಕ್ಷೆಗೆ ಸಿಬಿ ಎಂಬ ಅಂತರರಾಷ್ಟ್ರೀಯ ಪದ್ಧತಿ ಇದೆ, ಒಂದು ವರದಿಯನ್ನು 50ಕ್ಕೂ ಹೆಚ್ಚು ದೇಶಗಳಲ್ಲಿ ತೋರಿಸಬಹುದು. ರೇಡಿಯೊ ಪರೀಕ್ಷೆಗೂ ಇಂಥ ಅನುಕೂಲ ಬೆಳೆದರೆ, ಒಂದೇ ಸೆನ್ಸರ್ ಮೂರು ದೇಶಕ್ಕಾಗಿ ಮೂರು ಸಲ ಲ್ಯಾಬಿಗೆ ಹೋಗುವ ಖರ್ಚು ಕಡಿಮೆಯಾಗುತ್ತದೆ.

ಒಂದು ದಾರಿ ಮಾತ್ರ ಇಲ್ಲ: ಸ್ಟಿಕ್ಕರ್ ಅಂಟಿಸುವ ದಾರಿ. ಪರೀಕ್ಷೆ ಮಾಡಿಸದೆ ಸಿಇ ಎಂದು ಅಚ್ಚು ಹಾಕುವುದು ಬಹಳ ಅಗ್ಗ, ಅದಕ್ಕೇ ಬಹಳ ಮಂದಿ ಮಾಡುತ್ತಾರೆ. ಯುರೋಪಿನ ದೇಶಗಳು ಅಪಾಯಕಾರಿ ಎಂದು ಹಿಡಿದ ವಸ್ತುಗಳ ಪಟ್ಟಿಯನ್ನು ಸೇಫ್ಟಿ ಗೇಟ್ ಎಂಬ ವ್ಯವಸ್ಥೆಯ ಮೂಲಕ ಎಲ್ಲರಿಗೂ ಕಾಣುವಂತೆ ಪ್ರಕಟಿಸುತ್ತವೆ. ಅದರಲ್ಲಿ ಚಾರ್ಜರ್‌ಗಳು ಮತ್ತೆ ಮತ್ತೆ ಬರುತ್ತವೆ, ಫೋಟೋ ಸಮೇತ. ಅಲ್ಲಿ ಸಿಕ್ಕಿಬಿದ್ದರೆ ಹೋಗುವುದು ಒಬ್ಬನ ಹೆಸರಲ್ಲ, ಡಬ್ಬಿಯ ಮೇಲಿರುವ ದೇಶದ ಹೆಸರೂ ಹೋಗುತ್ತದೆ.

ನಮ್ಮ ಮನೆಗಳಲ್ಲಿ ಗವಾಹಿ ಎಂಬ ಪದ ಚಿಕ್ಕಂದಿನಿಂದ ಕೇಳಿದ್ದೇವೆ. ಕಂಡದ್ದನ್ನು ಕಂಡ ಹಾಗೆ ಹೇಳುವ ಸಾಕ್ಷಿ. ಸುಳ್ಳು ಗವಾಹಿ ಎಷ್ಟು ದೊಡ್ಡ ಪಾಪ ಎಂದು ಮದರಸದಲ್ಲಿ ಕಲಿತಿದ್ದೇವೆ. ಪವಿತ್ರ ಕುರ್‌ಆನಿನ 83ನೆಯ ಅಧ್ಯಾಯಕ್ಕೆ ಅಳತೆ ತೂಕದಲ್ಲಿ ಮೋಸ ಮಾಡುವವರ ಹೆಸರನ್ನೇ ಇಡಲಾಗಿದೆ. ಹದೀಸಿನಲ್ಲೂ ಒಂದು ಪ್ರಸಂಗ ಬರುತ್ತದೆ. ಪ್ರವಾದಿ(ಸ)ಯವರು ಮಾರುಕಟ್ಟೆಯಲ್ಲಿ ಧಾನ್ಯದ ರಾಶಿಯೊಳಗೆ ಕೈ ಹಾಕಿದಾಗ ಒಳಗೆ ಒದ್ದೆ ಸಿಕ್ಕಿತು. ಒದ್ದೆಯಾದುದನ್ನು ಜನರಿಗೆ ಕಾಣುವಂತೆ ಮೇಲೇಕೆ ಇಡಲಿಲ್ಲ ಎಂದು ವ್ಯಾಪಾರಿಯನ್ನು ಕೇಳಿದರು. ನನಗೆ ಪರೀಕ್ಷಾ ಲ್ಯಾಬ್ ಎಂದರೆ ಅದೇ: ರಾಶಿಯೊಳಗೆ ಹಾಕಿದ ಕೈ. ಧಾನ್ಯವಾದರೆ ಗಿರಾಕಿ ತಾನೇ ಕೈ ಹಾಕಿ ನೋಡಬಹುದು. ಚಾರ್ಜರ್ ಒಳಗೆ ಯಾರೂ ಕೈ ಹಾಕಲಾರರು. ಆದ್ದರಿಂದಲೇ ಅವರ ಪರವಾಗಿ ಬೇರೆಯವರು ನೋಡಬೇಕು, ನೋಡಿದ್ದೇವೆ ಎಂದು ತಯಾರಕ ಸಹಿ ಹಾಕಬೇಕು. ಪರೀಕ್ಷೆ ಇಲ್ಲದೆ ಅಂಟಿಸಿದ ಸಿಇ ಸುಳ್ಳು ಗವಾಹಿ. ಕಾನೂನು ಹಿಡಿಯಲಿ, ಬಿಡಲಿ.

ಕೊನೆಯದಾಗಿ ನಮ್ಮ ಬಗ್ಗೆ ಒಂದು ಮಾತು. ರಫ್ತು ಎಂದರೆ ನಮಗೆ ನೆನಪಾಗುವುದು ಇನ್‌ವಾಯ್ಸ್, ಬಿಲ್ ಆಫ್ ಲೇಡಿಂಗ್, ಲೆಟರ್ ಆಫ್ ಕ್ರೆಡಿಟ್. ಆ ದೇಶದಲ್ಲಿ ಈ ಮಾಲನ್ನು ಮಾರಲು ಬಿಡುತ್ತಾರೆಯೇ ಎಂಬ ಪ್ರಶ್ನೆ ಇವೆಲ್ಲಕ್ಕಿಂತ ಮೊದಲು ಬರಬೇಕಾದದ್ದು. ನಮ್ಮ ಕಾಲೇಜಿನಿಂದ ಓದಿ ಹೋದ ಎಷ್ಟೋ ಮಂದಿ ಗಲ್ಫ್‌ನ ಅಂಗಡಿ, ಗೋದಾಮು, ಲೆಕ್ಕಪತ್ರದ ಕಚೇರಿಗಳಲ್ಲಿ ಇದ್ದಾರೆ. ಸೌದಿ ಅರೇಬಿಯಾದಲ್ಲಿ ಸಾಬರ್ ಎಂಬ ಆನ್‌ಲೈನ್ ವ್ಯವಸ್ಥೆ ಇದೆ. ನಿಯಮದ ಪಟ್ಟಿಯಲ್ಲಿರುವ ವಸ್ತುಗಳನ್ನು ತರಿಸುವವರು ಅದರಲ್ಲಿ ವಸ್ತುವಿಗೊಂದು ಪ್ರಮಾಣಪತ್ರ, ಆ ಸಲದ ಸಾಗಣೆಗೊಂದು ಪ್ರಮಾಣಪತ್ರ ಪಡೆಯಬೇಕು. ಈ ಕಾಗದ ಜೋಡಿಸುವ ಕೆಲಸಕ್ಕೆ ಇಂಜಿನಿಯರೇ ಬೇಕೆಂದಿಲ್ಲ. ಓದಿ ಅರ್ಥ ಮಾಡಿಕೊಳ್ಳುವ, ಕಡತ ಸರಿಯಾಗಿಡುವ, ಸುಳ್ಳು ಬರೆಯದ ಒಬ್ಬ ಕಾಮರ್ಸ್ ಪದವೀಧರ ಸಾಕು. ನಮಗೆ ಉರ್ದು ಬರುತ್ತದೆ, ಕನ್ನಡ ಬರುತ್ತದೆ, ಇಂಗ್ಲಿಷ್ ಓದುತ್ತೇವೆ, ಅರಬಿ ಅಕ್ಷರ ಗೊತ್ತು. ಈ ಕೆಲಸ ನಮ್ಮದಾಗಬಾರದೇಕೆ?

ಆದ್ದರಿಂದ ನಮ್ಮ ಕಾಮರ್ಸ್ ಫೋರಂಗೆ ನನ್ನದೊಂದು ಸಲಹೆ. ಮುಂದಿನ ತಿಂಗಳ ಸಭೆಗೆ ಪ್ರತಿಯೊಬ್ಬರೂ ಮನೆಯಲ್ಲಿರುವ ಒಂದು ಚಾರ್ಜರ್ ಅಥವಾ ಇಯರ್‌ಬಡ್ ತನ್ನಿ. ಬಿಐಎಸ್ ಕೇರ್ ಆ್ಯಪ್‌ನಲ್ಲಿ ಅದರ ಆರ್ ಸಂಖ್ಯೆ ಹಾಕಿ, ಯಾವ ಕಾರ್ಖಾನೆಯ ಹೆಸರಿಗೆ ನೋಂದಣಿ ಆಗಿದೆ ಎಂದು ನೋಡೋಣ. ಎಫ್‌ಸಿಸಿ ಐಡಿ ಇದ್ದರೆ ಅದನ್ನೂ ಹುಡುಕೋಣ. ಎಷ್ಟು ಸಂಖ್ಯೆಗಳ ಹಿಂದೆ ನಿಜವಾಗಿ ಒಬ್ಬರು ನಿಂತಿದ್ದಾರೆ, ಎಷ್ಟರ ಹಿಂದೆ ಯಾರೂ ಇಲ್ಲ ಎಂದು ಪಟ್ಟಿ ಮಾಡಿ ಇದೇ ಪತ್ರಿಕೆಯಲ್ಲಿ ಹಾಕೋಣ. ಖರ್ಚು ಏನೂ ಇಲ್ಲ. ಭಾಯ್ ಅವರನ್ನೂ ಬನ್ನಿ ಎಂದು ಕರೆಯುತ್ತೇನೆ. ಮುಂದಿನ ಆರ್ಡರ್ ಬರುವ ಹೊತ್ತಿಗೆ ಅವರ ವೆಚ್ಚದ ಹಾಳೆಯಲ್ಲಿ ಆ ಒಂದು ಸಾಲು ಇರಬೇಕು.